ಒಂದ್ ಹನಿನೂ ಸೋರಲ್ಲ

ಲೋರ್ನಾ ಕಾರಿನ ಹಿಂದೆ ಕಟ್ಟಿ ಎಳೆಯುವ, ಮನೆಯಂಥ ಹಳೆಯ ಟ್ರೇಲರ್‌ನೊಳಗೆ ಮೂಲೆಯ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಕೊಳೆತಿದ್ದರೆ ಬೆರಳು ಒಳಗಿಳಿಯಬೇಕಿತ್ತು, ಇಳಿಯಲಿಲ್ಲ. ಆದರೆ ಹೊಸ ವಾರ್ನಿಷ್ ವಾಸನೆ ಆ ಮೂಲೆಯಲ್ಲಿ ಮಾತ್ರ ಬರುತ್ತಿತ್ತು.

“ಅರವತ್ಮೂರನೇ ಇಸವಿ ಗಾಡಿ. ನಾನೇ ಕೈಯಾರೆ ರಿಪೇರಿ ಮಾಡಿದ್ದು. ನಮ್ಮ ಒರೆಗಾನ್ ಮಳೆಗೂ ಒಂದ್ ಹನಿನೂ ಸೋರಲ್ಲ,” ಎಂದ, ಅದನ್ನು ಮಾರಲು ನಿಂತಿದ್ದ ವೆಲ್ಡನ್.

“ಹಾಗಾದ್ರೆ ನೀರು ಬಿಟ್ಟೇ ನೋಡೋಣ.” ಅವಳು ಕಿಟಕಿಯಿಂದ ಗಂಡನಿಗೆ ಸನ್ನೆ ಮಾಡಿದಳು. ಅವನು ಹೊರಗಿನಿಂದ ಸೂರಿನ ಮೇಲೆ ನೀರಿನ ಪೈಪು ಹಿಡಿದ. ತಗಡಿನ ಸೂರು ದಡದಡ ಎಂದಿತು. ಮೂಲೆ ಒಣಗಿಯೇ ಇತ್ತು. ವೆಲ್ಡನ್ ಕೈಕಟ್ಟಿ ನಕ್ಕ.

ಆ ಮೂಲೆಯಲ್ಲಿ ಮಲಗಿದ್ದ ಅವನ ಮುದಿ ನಾಯಿ ತಲೆಯೆತ್ತಿ ಸೂರು ನೋಡಿತು. ನಿಧಾನಕ್ಕೆ ಎದ್ದು, ತನ್ನ ಕಂಬಳಿಯನ್ನು ಕಚ್ಚಿ ಎಳೆದುಕೊಂಡು ಆಚೆ ಮೂಲೆಗೆ ಹೋಗಿ ಮಲಗಿತು.

“ಸೋರಲ್ಲ ಅಂತ ಇದಕ್ಕೂ ಹೇಳ್ಕೊಡ್ಬೇಕಿತ್ತು ನೀವು,” ಎಂದಳು ಲೋರ್ನಾ.