ಯಾರ ಮರಿಯೋ

ಕಡಲು ತಾನು ನುಂಗಿದವರನ್ನು ಮೀನಿನ ಮರಿ ಮಾಡಿ ದಡಕ್ಕೆ ಬಿಡುತ್ತಿತ್ತು. ಹೆಸರು ಹಿಡಿದು ಕರೆದರೆ ಮರಿ ತಿರುಗುತ್ತಿತ್ತು, ಮನೆಯವರು ಒಯ್ದು ಸಾಕುತ್ತಿದ್ದರು. ಜಲಜಕ್ಕನೂ ಬಕೆಟ್ ಹಿಡಿದು ತೊಟ್ಟಿ ಅಂಗಡಿಗೆ ಬಂದಳು.

“ಉಪ್ಪು ಕಡಲಿನಷ್ಟೇ ಇರಲಿ, ನೀರು ಉಗುರುಬೆಚ್ಚಗಿರಲಿ. ಅಡಗಲಿಕ್ಕೆ ಎರಡು ಕಲ್ಲಿಡಿ ಅಕ್ಕ, ಎಳೆ ಮರಿ ಬೇಗ ಬೆದರುತ್ತದೆ,” ಎಂದ ಅಂಗಡಿಯ ಸದಿಯಣ್ಣ. “ಯಾರಿದು?”

“ಗೊತ್ತಿಲ್ಲ ಸದಿಯಣ್ಣ. ಬೆಳಿಗ್ಗೆ ನನ್ನ ಕಾಲನ್ನೇ ಸುತ್ತುತ್ತಿತ್ತು. ನಮ್ಮ ಯಜಮಾನರಂತೂ ಮನೆಯ ತೊಟ್ಟಿಯಲ್ಲೇ ಇದ್ದಾರೆ. ಊರಲ್ಲಿ ಮುಳುಗಿ ಸತ್ತವರ ಹೆಸರೆಲ್ಲ ಕರೆದು ನೋಡಿದೆ, ತಿರುಗಲೇ ಇಲ್ಲ.”

ಕೊಂಡ ತೊಟ್ಟಿ ಭಾರವಿತ್ತು. ಹೊರಗೆ ನಿಂತಿದ್ದ ಮಗಳನ್ನು ಜಲಜಕ್ಕ ಕೂಗಿದಳು: “ಪ್ರಮೀಳಾ, ಬಂದು ಒಂದು ಕಡೆ ಹಿಡಿಯೇ!”

“ಬಂದೆ ಅಮ್ಮಾ” ಎಂದು ಮಗಳು ಓಗೊಡುವ ಮೊದಲೇ ಬಕೆಟ್ಟಿನ ಮರಿ ಗಿರಕ್ಕನೆ ತಿರುಗಿತು.