ಅರ್ಧ ಬೆಲೆಯ ರೆಕಾರ್ಡರ್

"ಕದ್ದು ಕೇಳೋ ಯಂತ್ರ ತಾನೇ ಇದು?" ಕಸ್ಟಮ್ಸ್ ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿದ.

"ಅಲ್ಲ ಸರ್. ಧ್ವನಿ ಮುದ್ರಿಸೋದು. ನನ್ನ ಕಸುಬೇ ಅದು."

"ಇಲ್ಲಿ ಅಂಗಡೀಲಿ ಸಿಗಲ್ವಾ?"

"ಸಿಗುತ್ತೆ ಸರ್. ಹೊರದೇಶದಿಂದ ತರಿಸಿದ್ರೆ ಅರ್ಧ ಬೆಲೆ."

ಅಧಿಕಾರಿಗೆ ನಗು ಬಂತು. ಅರ್ಧ ಬೆಲೆಗೆ ಆಸೆಪಟ್ಟು ಈ ಕಿಟಕಿಯ ಮುಂದೆ ಕಾಲು ಸವೆಸಿದವರನ್ನು ಅವನು ದಿನವೂ ನೋಡುತ್ತಿದ್ದ. ಇನ್ನೊಂದು ಫಾರಂ ಕೊಟ್ಟು, ತುಂಬಿಕೊಂಡು ಮುಂದಿನ ವಾರ ಬನ್ನಿ ಎಂದ. ರೆಕಾರ್ಡರ್ ಬಿಡಿಸಿಕೊಳ್ಳಲು ಬಂದವನಿಗೆ ಅದು ಐದನೆಯ ಫಾರಂ. ಅವನ ಅಕ್ಕನ ಗಂಟಲಿನ ಆಪರೇಷನ್ನಿಗೆ ಒಂಬತ್ತು ದಿನ ಉಳಿದಿತ್ತು.

ಆಪರೇಷನ್ ಆದರೆ ಅಕ್ಕ ಬದುಕುತ್ತಾಳೆ, ಆದರೆ ಮಾತಾಡುವುದಿಲ್ಲ. ಡಾಕ್ಟರು ಸುತ್ತಿಬಳಸದೆ ಹೇಳಿದ್ದರು. ಅವಳ ಮಗಳಿಗೆ ಇನ್ನೂ ನಾಲ್ಕು ವರ್ಷ. ಅಮ್ಮನ ದನಿ ಆ ಮಗುವಿಗೆ ಎಷ್ಟು ಕಾಲ ನೆನಪಿದ್ದೀತು? ಆಪರೇಷನ್ನಿಗೆ ಮೊದಲೇ ಆ ದನಿಯನ್ನು ಹಿಡಿದಿಡಬೇಕು. ತಮ್ಮನಿಗೆ ಹಗಲೂ ರಾತ್ರಿ ಅದೊಂದೇ ಯೋಚನೆ. ಮನೆಯ ವಿಡಿಯೋಗಳನ್ನೆಲ್ಲ ಜಾಲಾಡಿ ನೋಡಿದ್ದ. ಎಲ್ಲದರಲ್ಲೂ ಮಗುವಿನ ಗಲಾಟೆಯೇ. ಫೋನು ಹಿಡಿದ ಅಕ್ಕ ಬಾಯಿ ಬಿಟ್ಟಿರಲಿಲ್ಲ.

ಮಗು ಹುಟ್ಟಿದ ಹೊಸತರಲ್ಲಿ ಅಕ್ಕ ಅವನ ಸ್ಟುಡಿಯೋದಲ್ಲಿ ಕೂತು ತಮಾಷೆಗೆಂದು ಕಥೆ ಹೇಳಿದ್ದಳು. ಎರಡು ಪ್ರತಿ ಇಟ್ಟುಕೊಳ್ಳಿ ಎಂದು ಗಿರಾಕಿಗಳಿಗೆಲ್ಲ ಬುದ್ಧಿ ಹೇಳುವವನು, ತನ್ನ ಮನೆಯದಲ್ಲವೇ, ಆಮೇಲೆ ಪ್ರತಿ ತೆಗೆದರಾಯಿತು ಎಂದು ರೆಕಾರ್ಡರಿನಲ್ಲೇ ಬಿಟ್ಟಿದ್ದ. ಕಳೆದ ವರ್ಷ ಕಳ್ಳರು ಬೀಗ ಮುರಿದು ಸ್ಟುಡಿಯೋವನ್ನು ಗುಡಿಸಿ ಹಾಕಿದರು. "ಹೋದ್ರೆ ಹೋಗ್ಲಿ ಬಿಡೋ, ಇನ್ನೊಂದ್ಸಲ ಹೇಳ್ತೀನಿ" ಎಂದಿದ್ದಳು ಅಕ್ಕ. ಆಗ ಅವಳ ಗಂಟಲು ಗಟ್ಟಿಯಾಗಿತ್ತು. ತಮ್ಮ ಅಂದಿನಿಂದ ಕಂಡವರ ಸ್ಪೀಕರು ರಿಪೇರಿ ಮಾಡಿಕೊಂಡು ಹೊಟ್ಟೆ ಹೊರೆಯುತ್ತಿದ್ದ.

ತರಿಸಿದ್ದು ಅವನ ಕೈಗೆ ಒಗ್ಗಿದ ಮಾದರಿಯೇ, ಆದರೆ ಸೆಕೆಂಡ್ ಹ್ಯಾಂಡ್. ಅಷ್ಟು ಅಗ್ಗವಾಗಿ ಯಾರು ಕೊಡುತ್ತಾರೆ, ನಾಮ ಹಾಕುವ ಆಸಾಮಿಯೇ ಇರಬೇಕು ಎಂದು ಅವನಿಗೂ ಅಳುಕಿತ್ತು. ಹಣ ಕಳಿಸಿದ ಮರುದಿನವೇ ಮಾರಾಟಗಾರನಿಂದ ಮೇಲ್ ಬಂತು. ಹಳೇ ಸಾಮಾನಿನ ರಾಶಿಯಲ್ಲಿ ಕೊಂಡದ್ದು, ಮೆಮೊರಿಯಲ್ಲಿ ಹಿಂದಿನವರದು ಏನೋ ಉಳಿದಿದೆ, ಇರಲೋ ಅಳಿಸಲೋ ಎಂದು ಕೇಳಿದ್ದ. ಓದಿದ ಮೇಲೆ ತಮ್ಮನ ಎದೆ ಹಗುರವಾಯಿತು. ಮೋಸ ಮಾಡುವವನು ಇಷ್ಟೆಲ್ಲ ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಬೇರೆಯವರ ದನಿಯನ್ನು ಅವರ ಅಪ್ಪಣೆಯಿಲ್ಲದೆ ಕೇಳಬಾರದು, ಇಟ್ಟುಕೊಳ್ಳಲೂಬಾರದು. ಈ ಕಸುಬಿನಲ್ಲಿ ಅವನು ಪಾಲಿಸಿಕೊಂಡು ಬಂದ ನೇಮ ಅದು. ಪೂರ್ತಿ ಅಳಿಸಿ, ಸಾಧ್ಯವಾದರೆ ಎರಡು ಸಲ ಅಳಿಸಿ ಎಂದು ಉತ್ತರ ಬರೆದ.

"ಮನುಷ್ಯ ಒಳ್ಳೆಯವನು ಕಣೇ ಅಕ್ಕ."

"ಒಳ್ಳೆಯವನಾದ್ರೆ ಬೇಗ ಕಳಿಸ್ಲಿ."

ಅವನೇನೋ ಬೇಗ ಕಳಿಸಿದ. ಪೆಟ್ಟಿಗೆ ಕಸ್ಟಮ್ಸ್ ಗೋದಾಮಿನಲ್ಲಿ ಬೇರು ಬಿಟ್ಟು ಕೂತಿತು. ಬಿಲ್ ತನ್ನಿ, ಬಿಲ್ಲಿನ ಅನುವಾದ ತನ್ನಿ, ಇದು ಬೇಹುಗಾರಿಕೆಗಲ್ಲ ಎಂದು ಬರೆದು ಸಹಿ ಹಾಕಿ ತನ್ನಿ. ಇತ್ತ ಅಕ್ಕನ ದನಿ ದಿನದಿಂದ ದಿನಕ್ಕೆ ಸೊರಗುತ್ತ ಬಂತು.

"ಫೋನಲ್ಲೇ ಹಿಡ್ಕೊಳ್ಳೋ, ಸಾಕು" ಎಂದಳು ಒಂದು ದಿನ.

"ಅದ್ರಲ್ಲಿ ಬರೋದು ಡಬ್ಬದ ಸದ್ದು. ಮಗು ಜೀವಮಾನವಿಡೀ ಅದನ್ನ ಕೇಳ್ಬೇಕಾ? ಇನ್ನು ನಾಲ್ಕು ದಿನ ತಡ್ಕೋ."

ಅಕ್ಕ ವಾದಿಸಲಿಲ್ಲ. ತಮ್ಮನ ಹಟ ಅವಳಿಗೆ ಹೊಸದಲ್ಲ, ವಾದಿಸುವಷ್ಟು ಉಸಿರೂ ಇರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಅವನ ಹಟ ಇಳಿಯಿತು. ಆಸ್ಪತ್ರೆಯ ಮಂಚದ ಪಕ್ಕ ಕೂತು ಫೋನನ್ನು ಅಕ್ಕನ ತುಟಿಯ ಹತ್ತಿರ ಹಿಡಿದ. ಅಕ್ಕ ಬಾಯಿ ತೆರೆದಳು. ಗಾಳಿ ಬಂತು, ಮಾತು ಬರಲಿಲ್ಲ. "ಜೋರಾಗಿ ಹೇಳಮ್ಮ" ಎಂದಿತು ಮಗು. ಅಕ್ಕ ಮತ್ತೆ ಪ್ರಯತ್ನಿಸಿದಳು. ಮೂರನೆಯ ಸಲಕ್ಕೆ ತಮ್ಮ ಫೋನನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ತನ್ನ ಬಗ್ಗೆ ಅವನಿಗೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು ಎಂದು ಡಾಕ್ಟರು ಕೈಕುಲುಕಿದರು. ಪಾರ್ಸೆಲ್ ಬಿಡುಗಡೆಯಾದದ್ದು ಅದಾದ ಹನ್ನೊಂದು ದಿನಕ್ಕೆ.

ಅಕ್ಕ ಮನೆಗೆ ಬಂದಿದ್ದಳು, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು. ತಮ್ಮ ಪೆಟ್ಟಿಗೆಯನ್ನು ಅವಳ ಮುಂದಿನ ಮೇಜಿನ ಮೇಲಿಟ್ಟ. ಅವಳು ಪುಸ್ತಕದಲ್ಲಿ "ಬಂತಾ?" ಎಂದು ಬರೆದು, ನಕ್ಕಳು. ಅವನು ಟೇಪು ಕಿತ್ತು ಪೆಟ್ಟಿಗೆ ತೆರೆದ. ಪೆಟ್ಟಿಗೆಯ ಮೇಲ್ಭಾಗದಲ್ಲೇ ಮಾರಾಟಗಾರನ ಚೀಟಿ ಇತ್ತು: ನೀವು ಹೇಳಿದಂತೆ ಎರಡು ಸಲ ಅಳಿಸಿದ್ದೇನೆ, ಇನ್ನು ಯಾರಿಂದಲೂ ಮರಳಿ ತೆಗೆಯಲು ಆಗುವುದಿಲ್ಲ, ನಿಶ್ಚಿಂತೆಯಿಂದಿರಿ.

ಮಗು ಮೇಜು ಹತ್ತಿ ಕೂತಿತು. "ಮಾಮ, ಇದ್ರಲ್ಲಿ ಅಮ್ಮ ಕಥೆ ಹೇಳ್ತಾಳಾ?"

"ಇಲ್ಲ ಪುಟ್ಟಿ. ಇದ್ರಲ್ಲಿ ಏನೂ ಇಲ್ಲ."

ಇನ್ನು ಇದನ್ನಿಟ್ಟುಕೊಂಡು ಮಾಡುವುದೇನು, ಬಂದಷ್ಟಕ್ಕೆ ಮಾರಿಬಿಡುವುದು ಎಂದುಕೊಂಡ. ಮಾರುವ ಮುನ್ನ ಬ್ಯಾಟರಿಯ ಗೂಡಿಗೆ ತುಕ್ಕು ಹಿಡಿದಿದೆಯೇ ನೋಡೋಣವೆಂದು ಹಿಂದಿನ ಮುಚ್ಚಳ ಬಿಚ್ಚಿದ. ಒಳಗೆ ಒಂದು ಸಣ್ಣ ಕಾಗದದ ಪಟ್ಟಿ ಅಂಟಿಸಿತ್ತು. ಕಳೆದುಹೋಗಿ ಸಿಕ್ಕರೆ ಈ ನಂಬರಿಗೆ ಫೋನ್ ಮಾಡಿ ಎಂದು ಅದರ ಮೇಲೆ ಬರೆದಿತ್ತು, ಕನ್ನಡದಲ್ಲಿ.

ನಂಬರು ಅವನ ಸ್ಟುಡಿಯೋದ್ದು, ಅಕ್ಷರ ಅಕ್ಕನದು.