ವಾದಿ, ಪ್ರತಿವಾದಿ

ಆ ಮುದುಕ ಈಗಲೂ ಅಲ್ಲೇ ಇದ್ದಾನೆಯೇ ಎಂದು ಅಗಾತಾ ಮತ್ತೊಮ್ಮೆ ಕೇಳಿದಳು. ಲಿಯೊನೆಲ್ ಕೇಳಿಸದವನಂತೆ ಮುಂದಿನ ಬಂಡೆ ಹತ್ತಿ ಕೈ ಚಾಚಿದ. ಅವಳು ಕೈ ಹಿಡಿಯದೆ ಕೋಲೂರಿ ತಾನೇ ಹತ್ತಿದಳು.

ಎಲ್ಲರೂ ನಡೆಯುವ ದಾರಿ ಕೆಳಗೆ ನೀರಿನ ಗುಂಡಿಯ ಬಳಿಯೇ ಮುಗಿದಿತ್ತು. ಅಲ್ಲಿಂದ ಮೇಲೆ ಬಣ್ಣದ ಬಾಣವಿಲ್ಲ, ಗುರುತಿನ ಕಲ್ಲಿಲ್ಲ. ಎರಡೂ ಕಡೆ ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟ, ನಡುವೆ ಒಣಗಿದ ಹೊಳೆಯ ಕಲ್ಲುರಾಶಿ. ಗುಂಡಿಯ ಬಳಿ ಲಿಯೊನೆಲ್ ಅವಳನ್ನು ನಿಲ್ಲಿಸಲು ನೋಡಿದ್ದ. ಇಲ್ಲಿಯೇ ಮೇಣದಬತ್ತಿ ಹಚ್ಚೋಣ, ಮೇಲಿನ ಕೊರಕಲು ನಿಮ್ಮ ಮೊಣಕಾಲಿಗೆ ಆಗುವಂಥದ್ದಲ್ಲ ಎಂದಿದ್ದ. ಮಗನ ಸ್ನೇಹಿತ, ತನ್ನ ಮೊಣಕಾಲಿನ ಬಗ್ಗೆ ಯೋಚಿಸುತ್ತಾನೆ. ದೇವರು ಅವನಿಗೆ ಒಳ್ಳೆಯದು ಮಾಡಲಿ ಎಂದುಕೊಂಡಳು. ಆದರೆ ನಿಲ್ಲಲಿಲ್ಲ.

"ಈ ಹೊಳೆಗೆ ಹೆಸರಿಲ್ಲವಾ, ಪುತಾ?"

"ಇಲ್ಲಿ ಒಣಹೊಳೆಗೆಲ್ಲ ವಾದಿ ಅಂತಲೇ ಹೇಳುವುದು, ಆಂಟಿ."

ಅವಳ ಗಂಡ ಮೊರಿಸ್ ಬದುಕಿದ್ದ ತನಕ ಬಂಟ್ವಾಳದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನು. ಆ ಶಬ್ದದ ಬೇರೆ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಮ್ಮಲ್ಲಿ ದೂರು ಕೊಟ್ಟವರು ವಾದಿ," ಎಂದಳು. "ಹಾಗಾದರೆ ಇವತ್ತು ವಾದಿ ನಾನು. ಪ್ರತಿವಾದಿ ಮೇಲೆ ಕೂತಿದ್ದಾನೆ."

ಲಿಯೊನೆಲ್ ಬೇಗ ಬೇಗ ಮುಂದೆ ನಡೆದ.

ಕಳೆದ ಚಳಿಗಾಲದಲ್ಲಿ ಅವಳ ಶರ್ವಿನ್ ಕೆಲಸ ಹುಡುಕಿಕೊಂಡು ದುಬಾಯಿಗೆ ಬಂದು, ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಲಿಯೊನೆಲ್‌ನ ಕೋಣೆಯಲ್ಲಿ ಇಳಿದುಕೊಂಡಿದ್ದ. ಲಿಯೊನೆಲ್ ಎಷ್ಟೋ ವರ್ಷದಿಂದ ಇಲ್ಲಿದ್ದವನು, ಬೆಟ್ಟ ಸುತ್ತುವ ಹುಚ್ಚಿನವನು. ಶರ್ವಿನ್ ಬಂದ ವಾರವೇ ರಜೆಯ ದಿನ ಅವನನ್ನು ಈ ವಾದಿಗೆ ಕರೆತಂದ. ಇಲ್ಲಿ ಬಿಸಿಲಿತ್ತು. ಮಳೆ ಬಿದ್ದದ್ದು ಬೆಟ್ಟದ ಆಚೆ. ನೀರು ಮಾತ್ರ ಈ ಕೊರಕಲಿಗೇ ನುಗ್ಗಿತು. ಲಿಯೊನೆಲ್‌ಗೆ ಬಂಡೆಯ ಅಂಚೊಂದು ಸಿಕ್ಕಿತು. ಶರ್ವಿನ್‌ಗೆ ಸಿಗಲಿಲ್ಲ.

ಶವಪೆಟ್ಟಿಗೆಯ ಜೊತೆ ಊರಿಗೆ ಬಂದ ಲಿಯೊನೆಲ್ ಇಗರ್ಜಿಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದ. ಕೊರಕಲಿನ ಬಾಯಿಯಲ್ಲಿ ಖರ್ಜೂರದ ತೋಟ ಇದೆ, ಅಲ್ಲಿ ಆಡು ಸಾಕುವ ಒಬ್ಬ ಅರಬಿ ಮುದುಕ ಇದ್ದಾನೆ, ಅವನೇ ಕೈಮಾಡಿ ಮೇಲೆ ಹೋಗಲು ದಾರಿ ತೋರಿಸಿದ ಎಂದಿದ್ದ. ಆವತ್ತಿನಿಂದ ಅಗಾತಾಳ ಜಪ ಅರ್ಧಕ್ಕೆ ನಿಂತುಹೋಗಿತ್ತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎಂಬಲ್ಲಿಗೆ ಬಂದರೆ ನಾಲಿಗೆ ಏಳುತ್ತಿರಲಿಲ್ಲ. ದೇವರ ಮುಂದೆ ಮೊಣಕಾಲೂರಿ ಸುಳ್ಳು ಹೇಳುವುದು ಅವಳಿಂದಾಗದ ಕೆಲಸ. ಪೂರ್ತಿಯಾಗದ ಜಪ ಮಗನ ಆತ್ಮಕ್ಕೆ ಹೇಗೆ ತಲುಪೀತು? ದುಬಾಯಿಯ ಮಿರ್ದಿಫ್‌ನಲ್ಲಿರುವ ಮಗಳು ಸ್ವೀಡಲ್ ಟಿಕೆಟ್ ಕಳುಹಿಸಿದಾಗ ಅವಳು ಬೇಡವೆನ್ನದೆ ಹೊರಟದ್ದು ಅದಕ್ಕೇ. ಆ ಮುದುಕನ ಬಾಯಿಂದ ಒಂದೇ ಒಂದು ಮಾತು ಕೇಳಬೇಕಾಗಿತ್ತು. ಅದನ್ನು ಕೇಳದೆ ಕ್ಷಮಿಸುವ ದೊಡ್ಡತನ ತನಗಿಲ್ಲವೆಂದು ಅವಳು ಪಾದ್ರಿಗಳ ಹತ್ತಿರವೂ ಒಪ್ಪಿಕೊಂಡಿದ್ದಳು.

ತೋಟ ಬಂತು. ನಾಲ್ಕಾರು ಮರ, ಒಂದು ಮೋಟು ಗೋಡೆ. ಅದರ ಹಿಂದೆ ಕೊರಕಲು ಕತ್ತಲೆಯಾಗಿ ಬಾಯ್ದೆರೆದಿತ್ತು. ಮಗ ಹೋದ ಜಾಗ. ಅವಳ ಕಾಲುಗಳು ತಾವಾಗಿಯೇ ಅತ್ತ ಹೊರಟವು.

ಗೋಡೆಯ ಹಿಂದಿನಿಂದ ಮುದುಕ ಓಡಿಬಂದ. ಬರಿಗಾಲು, ಬಿಳಿಗಡ್ಡ. ಎರಡೂ ಕೈ ಅಗಲಿಸಿ ಅವಳೆದುರು ನಿಂತು ತಲೆಯಾಡಿಸಿದ.

"ಮಾಫಿ," ಎಂದ. ಮತ್ತೇನೋ ಅಂದ. ಮತ್ತೆ, "ಮಾಫಿ, ಮಾಫಿ."

ಏದುಸಿರಿಗೆ ಅವನ ಧ್ವನಿ ಒಡೆದಿತ್ತು. ಕಣ್ಣು ತೇವವಾಗಿತ್ತು.

ಒಂದು ವರ್ಷದಿಂದ ಮಸೆದಿಟ್ಟ ಬೈಗುಳ ಅವಳ ಬಾಯಲ್ಲೇ ಕರಗಿತು. ತಾನು ಯಾರೆಂದು ಇನ್ನೂ ಹೇಳಿಯೇ ಇಲ್ಲ. ಮುಖ ನೋಡಿಯೇ ತಾಯಿಯೆಂದು ತಿಳಿದುಕೊಂಡನಲ್ಲ ಎಂದು ಅವಳಿಗೆ ಅಚ್ಚರಿಯಾಯಿತು.

ಲಿಯೊನೆಲ್ ಏನೋ ಹೇಳಹೊರಟ. ಅವಳು ಕೈಯೆತ್ತಿ ತಡೆದಳು.

"ನೀನು ಬಿಡಿಸಿ ಹೇಳುವುದು ಬೇಡ, ಪುತಾ. ಈ ಮಾತು ನಮ್ಮಲ್ಲೂ ಉಂಟು."

ಸುಮ್ಮನಾಗಲು ಅವಕಾಶ ಸಿಕ್ಕಿದ್ದೇ ಸಾಕೆಂಬಂತೆ ಅವನು ದೂರ ಹೋಗಿ ನಿಂತ.

ಅಗಾತಾ ಮುದುಕನ ಎದುರು ಗಾಳಿಯಲ್ಲಿ ಶಿಲುಬೆಯ ಗುರುತು ಬರೆದಳು. ಕ್ಷಮಿಸಿದ್ದೇನೆ, ನನ್ನ ಮಗನೂ ಕ್ಷಮಿಸಿರುತ್ತಾನೆ ಎಂದು ಕೊಂಕಣಿಯಲ್ಲಿ ಹೇಳಿದಳು. ಅವನಿಗೆ ಅರ್ಥವಾದಂತೆ ಕಾಣಲಿಲ್ಲ. ಆದರೆ ಅವಳು ಬಂದ ದಾರಿಗೆ ತಿರುಗಿದ್ದೇ ತಡ, ಅವನ ಕೈಗಳು ಕೆಳಗಿಳಿದವು, ಮುಖ ಅರಳಿತು. ಒಳಗೆ ಹೋಗಿ ಒಂದು ಹಿಡಿ ಖರ್ಜೂರ ತಂದು ಕೊಟ್ಟ. ಕ್ಷಮೆ ಸಿಕ್ಕವನ ಮುಖ ಹೀಗೇ ಇರುತ್ತದೆ ಎಂದುಕೊಂಡಳು.

ಕಾರಿನಲ್ಲಿ ಅವಳು ಜಪಸರ ತೆಗೆದಳು. ಆ ಸಾಲು ಬಂತು, ಎಲ್ಲೂ ತಡೆಯದೆ ದಾಟಿತು. ಮತ್ತೊಮ್ಮೆ ಹೇಳಿದಳು, ದಾಟಿತು. ಅಳು ಬಂತು, ಹಸಿವೂ ಆಯಿತು. ನಿನಗೂ ಎದೆಯ ಭಾರ ಇಳಿದಿರಬೇಕು ಎಂದು ಲಿಯೊನೆಲ್‌ನ ಹೆಗಲು ತಟ್ಟಿದಳು. ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಹೆದ್ದಾರಿಯ ಬದಿಯ ಕೆಫೆಟೇರಿಯದಲ್ಲಿ ಕಾರು ನಿಲ್ಲಿಸಿದರು. ಗಲ್ಲಾದಲ್ಲಿದ್ದ ಅಬ್ದುಲ್ ರವೂಫ್ ವಿಟ್ಲದ ಕಡೆಯವನು. ಅವಳ ಮಾತು ಕೇಳಿ ಊರು ಯಾವುದೆಂದು ತಾನೇ ವಿಚಾರಿಸಿದ. ಅವಳು ಎರಡು ಪರೋಟ ಕೇಳಿದಳು.

"ಪರೋಟ ಮಾಫಿ, ಅಮ್ಮ. ಈಗಷ್ಟೇ ಖಲಾಸ್ ಆಯ್ತು."

"ಅಷ್ಟಕ್ಕೆಲ್ಲ ಮಾಫಿ ಕೇಳುವುದುಂಟಾ, ಮಗ?"

ರವೂಫ್ ನಕ್ಕುಬಿಟ್ಟ. "ನಿಮ್ಮ ಹತ್ರ ಕ್ಷಮೆ ಕೇಳಿದ್ದಲ್ಲಮ್ಮ. ಅರಬಿಯಲ್ಲಿ ಮಾಫಿ ಅಂದ್ರೆ 'ಇಲ್ಲ' ಅಂತ. ಪರೋಟ ಇಲ್ಲ, ಚಾ ಇಲ್ಲ, ದಾರಿ ಇಲ್ಲ, ಎಲ್ಲದಕ್ಕೂ ಮಾಫಿಯೇ. ಇಲ್ಲಿ ಇಳಿದವರು ಮೊದಲು ಕಲಿಯುವ ಶಬ್ದವೇ ಅದು. ನಿಮ್ಮ ಜೊತೆ ಬಂದವರು ಹೇಳಲಿಲ್ವಾ?"

ಅಗಾತಾ ಮೆಲ್ಲನೆ ತಿರುಗಿದಳು. ಲಿಯೊನೆಲ್ ಬಾಗಿಲ ಹತ್ತಿರ ನಿಂತಿದ್ದ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು.

"ಆವತ್ತು ಆ ಮುದುಕ ಕೈಮಾಡಿ ನಿಮಗೆ ಏನು ಹೇಳಿದ, ಪುತಾ?"

"ಮಾಫಿ ಅಂತಲೇ, ಆಂಟಿ," ಎಂದ ಲಿಯೊನೆಲ್.